ಹರ್ಷಿಣಿ ಓದದೆ ಬಿಟ್ಟ ಸಾಲು

ಮನೆಯಲ್ಲಿ ಯಾರಿಗೋ ದೊಡ್ಡ ಕಾಯಿಲೆ ಬಂತು ಅನ್ನಿ. ನಾವು ಮೊದಲು ಮಾಡುವ ಕೆಲಸ ಏನು? ಮಕ್ಕಳನ್ನು "ಹೋಗಿ ಆಚೆ ಆಡ್ಕೊಳ್ಳಿ" ಎಂದು ಕಳಿಸಿ ಬಾಗಿಲು ಮುಂದೆ ಮಾಡುವುದು. ಕಾಯಿಲೆ ಬಂದಿರುವುದು ಆ ಮಗುವಿಗೇ ಆದರೂ ಅಷ್ಟೇ. ಮಗುವನ್ನು ಹೊರಗೆ ಬೆಂಚಿನ ಮೇಲೆ ಕೂರಿಸುತ್ತೇವೆ. ಒಳಗೆ ಡಾಕ್ಟರ ಹತ್ತಿರ ಪಿಸುಪಿಸು ಮಾತಾಡಿ, ಕಣ್ಣು ಒರೆಸಿಕೊಂಡು ಹೊರಗೆ ಬಂದು, "ಏನಿಲ್ಲ ಪುಟ್ಟಾ, ಸುಮ್ನೆ ಸ್ವಲ್ಪ ಜ್ವರ" ಎನ್ನುತ್ತೇವೆ. ಮಗು ನಂಬಿತು ಎಂದುಕೊಳ್ಳುತ್ತೇವೆ. ಅದಕ್ಕೇನು ತಿಳಿಯುತ್ತೆ ಎಂಬ ಧೈರ್ಯ ನಮಗೆ.

ನಾನು ಸರಸ. ಊರು ಮೈಸೂರು. ಯಜಮಾನರ ಕೆಲಸದಿಂದಾಗಿ ಚೆನ್ನೈಗೆ ಬಂದು ಹತ್ತು ವರ್ಷವಾಯಿತು, ಮನೆ ಅಡ್ಯಾರಿನಲ್ಲಿ. ವಾರದಲ್ಲಿ ಮೂರು ದಿನ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹೋಗುತ್ತೇನೆ. ತಮಿಳು ಸರಿಯಾಗಿ ಬಾರದ ಕನ್ನಡದ ಕುಟುಂಬಗಳಿಗೆ ಡಾಕ್ಟರ ಮಾತನ್ನು ತಿಳಿಸಿ ಹೇಳುತ್ತೇನೆ. ಸಂಬಳದ ಕೆಲಸವಲ್ಲ, ಮನಸ್ಸಿಗೆ ಬಂದು ಮಾಡುವುದು. ಈಗ ಹೇಳುವ ಸಂಗತಿಯಲ್ಲಿ ನನ್ನ ತಪ್ಪೂ ಇದೆ. ಅದನ್ನು ಮುಚ್ಚಿಡುವುದಿಲ್ಲ.

ಇದು ಇದೇ ವರ್ಷ, ೨೦೦೪ರಲ್ಲಿ ನಡೆದದ್ದು. ಮೈಲಾಪೂರಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಭೋಜರಾಜ ಅವರು ಸೂಪರ್‌ವೈಸರ್. ಹೆಂಡತಿ ತುಂಗಾ. ಬ್ರಹ್ಮಾವರದ ಕಡೆಯವರು, ಚೆನ್ನೈಗೆ ಬಂದು ನಾಲ್ಕು ವರ್ಷ. ಇವರಿಗೆ ಒಬ್ಬಳೇ ಮಗಳು, ಹರ್ಷಿಣಿ. ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಭೋಜರಾಜರಿಗೆ ಗಿರಾಕಿಗಳ ಜೊತೆ ಮಾತಾಡುವಷ್ಟು ತಮಿಳು ಚೆನ್ನಾಗಿಯೇ ಬರುತ್ತಿತ್ತು. ಓದಲು ಮಾತ್ರ ಒಂದಕ್ಷರವೂ ಬರುತ್ತಿರಲಿಲ್ಲ. ತುಂಗಾಗೆ ಎರಡೂ ಇಲ್ಲ. ಬಸ್ಸಿನ ಬೋರ್ಡು, ರೇಷನ್ ಕಾರ್ಡು, ಕರೆಂಟಿನವರ ಚೀಟಿ, ಎಲ್ಲವನ್ನೂ ಆ ಮನೆಯಲ್ಲಿ ಓದಿ ಹೇಳುವವಳು ಹರ್ಷಿಣಿ. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ಅವಳು ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಉತ್ತರ ಕೊಡುವಳು. "ನಮ್ಮ ಮನೆಯ ತಹಸೀಲ್ದಾರ್ರು ಇವಳೇ" ಎಂದು ಭೋಜರಾಜರು ಹೆಮ್ಮೆಯಿಂದ ನಗುತ್ತಿದ್ದರು.

ಫೆಬ್ರವರಿಯಲ್ಲಿ ಹುಡುಗಿಗೆ ಬಿಟ್ಟು ಬಿಟ್ಟು ಜ್ವರ ಬಂತು. ಮುಖ ಬಿಳಿಚಿತು. ಎಲ್ಲೂ ಬೀಳದಿದ್ದರೂ ಕಾಲಿನಲ್ಲಿ ನೀಲಿ ಕಲೆಗಳು ಎದ್ದವು. ಅಲ್ಲಿ ಇಲ್ಲಿ ತೋರಿಸಿ ಕೊನೆಗೆ ಮಾರ್ಚಿನಲ್ಲಿ ನಮ್ಮ ಆಸ್ಪತ್ರೆಗೆ ಬಂದರು. ಪರೀಕ್ಷೆಯಾಯಿತು. ರಕ್ತದ ಕ್ಯಾನ್ಸರ್. ಡಾಕ್ಟರು ಭೋಜರಾಜರನ್ನು ಒಳಗೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದರು. ಎರಡು ವರ್ಷಕ್ಕೂ ಹೆಚ್ಚು ಔಷಧ ಬೇಕು, ಮಧ್ಯದಲ್ಲಿ ಕಷ್ಟದ ದಿನಗಳು ಬರುತ್ತವೆ, ಆದರೆ ಈ ಕಾಯಿಲೆಯಿಂದ ಗುಣವಾಗಿ ಹೋದ ಮಕ್ಕಳು ಅನೇಕರಿದ್ದಾರೆ ಎಂದರು.

ಭೋಜರಾಜರು ಹೊರಗೆ ಬಂದು ಮಗಳ ತಲೆ ಸವರಿದರು. "ಎಂತ ಇಲ್ಲ ಮಗಾ, ರಕ್ತ ಸ್ವಲ್ಪ ಕಮ್ಮಿ ಉಂಟಂತೆ. ಬೀಟ್‌ರೂಟ್ ತಿಂದ್ರೆ ಸರಿಯಾಗ್ತದೆ" ಎಂದರು. ಆಮೇಲೆ ನನ್ನನ್ನು ಮೆಟ್ಟಿಲ ಹತ್ತಿರ ಕರೆದರು.

"ಸರಸಕ್ಕ, ಅವಳ ಎದುರು ಆ ಶಬ್ದ ಎತ್ತುದು ಬೇಡ. ನರ್ಸ್‌ಗಳಿಗೂ ಹೇಳಿ."

"ಭೋಜಣ್ಣ, ಮಕ್ಕಳಿಗೆ ಹೇಗೋ ಗೊತ್ತಾಗೇ ಆಗುತ್ತೆ. ನಿಮ್ಮ ಬಾಯಲ್ಲೇ ಗೊತ್ತಾದ್ರೆ ಒಳ್ಳೇದಲ್ವಾ?"

"ಒಂಬತ್ತು ವರ್ಷದ ಮಗುವಿಗೆ ಎಂತ ಗೊತ್ತಾಗ್ತದೆ ಮಾರಾಯ್ರೆ! ಹೆದರಿ ಅರ್ಧ ಜೀವ ಆಗ್ತಾಳೆ ಅಷ್ಟೆ. ನಿಮಗೆ ಹೇಳುದು ಸುಲಭ. ನಿಮ್ಮ ಮಗಳಲ್ಲವಲ್ಲ."

ಆ ಮಾತು ನನಗೆ ಚುಚ್ಚಿತು. ನಾನು ಸುಮ್ಮನಾದೆ. ಸುಮ್ಮನಾಗಬಾರದಿತ್ತು, ಇನ್ನೊಂದು ದಿನವಾದರೂ ಮತ್ತೆ ಮಾತೆತ್ತಬೇಕಿತ್ತು.

ಐದು ವಾರ ವಾರ್ಡಿನಲ್ಲೇ ಕಳೆಯಿತು. ಕೂದಲು ಉದುರಲು ಶುರುವಾದಾಗ ಕ್ಷೌರದವರನ್ನು ಕರೆಸಿ ಮಂಡೆ ಬೋಳಿಸಿದರು. ತಿರುಪತಿಗೆ ಮುಡಿ ಕೊಡುವ ಹರಕೆ ಎಂದು ತುಂಗಾ ಮಗಳಿಗೆ ಹೇಳಿದರು. ಹರ್ಷಿಣಿ "ಸರಿ" ಎಂದಳು. ಸೂಜಿ ಚುಚ್ಚುವಾಗಲೂ ಸರಿ, ವಾಂತಿಯಾದಾಗಲೂ ಸರಿ. ಇಷ್ಟು ಒಳ್ಳೆಯ ಮಗು ಇಲ್ಲ ಎಂದು ವಾರ್ಡಿನವರೆಲ್ಲ ಹೊಗಳಿದರು. ನಾನೂ ಹೊಗಳಿದೆ. ಅಷ್ಟು ಕಷ್ಟದಲ್ಲಿ ಮಗು ಒಂದು ಸಲವೂ ಅಳದಿದ್ದರೆ ಅದು ಹೊಗಳುವ ವಿಷಯವಲ್ಲ, ಹೆದರುವ ವಿಷಯ. ಅದು ನನಗೆ ಹೊಳೆಯಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಎರಡು ವಾರಕ್ಕೆಂದು ಮನೆಗೆ ಕಳಿಸಿದರು. ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು ಎಂದು ಬರೆದ ಹಾಳೆಯನ್ನು ನಾನೇ ಭೋಜರಾಜರ ಕೈಗೆ ಕೊಟ್ಟೆ. ತಮಿಳಿನಲ್ಲಿತ್ತು.

"ಕನ್ನಡದ್ದು ಇಲ್ಲ ಭೋಜಣ್ಣ. ನಾನು ಓದಿ ಹೇಳ್ಲಾ?"

"ಬೇಡ ಬೇಡ, ಓದಿಕೊಳ್ತೇವೆ. ಆಟೋ ಕಾಯ್ತಾ ಉಂಟು."

ಹೋಟೆಲಿನ ಸೂಪರ್‌ವೈಸರ್‌ಗೆ ತಮಿಳು ಓದಲು ಬಾರದೆಂದು ನನಗೆ ಗೊತ್ತಿರಲಿಲ್ಲ. ನಾಲ್ಕು ಜನರ ಮುಂದೆ ಅವರು ಅದನ್ನು ಹೇಳಿಕೊಳ್ಳುವವರೂ ಅಲ್ಲ. ಒಂದು ನಿಮಿಷ ನಿಲ್ಲಿಸಿ ಬಾಯಲ್ಲಿ ಹೇಳುವುದು ಬಿಟ್ಟು, ನಾನು ಮುಂದಿನ ಮಂಚದ ಹತ್ತಿರ ಹೋದೆ.

ಹತ್ತು ದಿನ ಕಳೆಯಿತು. ಒಂದು ಶುಕ್ರವಾರ ಮಧ್ಯಾಹ್ನ ಮೈಲಾಪೂರಿನ ಕಪಾಲೀಶ್ವರನ ಗುಡಿಗೆ ಹೋಗಿದ್ದವಳು, ಬಾಗಿಲು ತೆರೆಯಲು ಇನ್ನೂ ಹೊತ್ತಿದ್ದುದರಿಂದ, ಹರ್ಷಿಣಿಯನ್ನು ನೋಡಿ ಬರೋಣವೆಂದು ಹತ್ತಿರದಲ್ಲೇ ಇದ್ದ ಅವರ ಮನೆಗೆ ಹೋದೆ. ಹಳೇ ಫ್ಲಾಟಿನ ಎರಡನೇ ಮಹಡಿಯಲ್ಲಿ ಒಂದು ರೂಮು, ಒಂದು ಅಡುಗೆಮನೆ. ಮೇ ತಿಂಗಳ ಚೆನ್ನೈ ಹೇಗಿರುತ್ತೆ ಎಂದು ಹೇಳಬೇಕಿಲ್ಲ. ಮೆಟ್ಟಿಲು ಹತ್ತುವಷ್ಟರಲ್ಲಿ ನನ್ನ ಸೀರೆ ಬೆನ್ನಿಗೆ ಅಂಟಿತ್ತು. ಒಳಗೆ ಕಾಲಿಟ್ಟರೆ ಫ್ಯಾನು ನಿಂತಿತ್ತು. ಕರೆಂಟು ಹೋಗಿದೆ ಎಂದುಕೊಂಡೆ.

"ಇಲ್ಲ ಸರಸಕ್ಕ, ಕರೆಂಟ್ ಉಂಟು. ಅವಳಿಗೆ ಫ್ಯಾನ್ ಬೇಡವಂತೆ" ಎಂದರು ತುಂಗಾ.

ಮೂಲೆಯ ಚಾಪೆಯ ಮೇಲೆ ಹರ್ಷಿಣಿ ಹೊದಿಕೆ ಹೊದ್ದು ಕೂತಿದ್ದಳು. ನನ್ನನ್ನು ನೋಡಿ ನಕ್ಕಳು. ತುಟಿ ಒಣಗಿತ್ತು.

"ಜ್ವರ ನೋಡಿದ್ರಾ ತುಂಗಾ?"

"ದಿನಕ್ಕೆ ಎರಡು ಸಲ ನೋಡ್ತೇನೆ. ಬೆಳಿಗ್ಗೆ ತೊಂಬತ್ತೆಂಟು ಇತ್ತು. ನಾನು ಎಂತ ನೋಡುದು, ಅವಳೇ ಕಂಕುಳಲ್ಲಿ ಇಟ್ಟುಕೊಂಡು ತೆಗೆದು ಕೊಡ್ತಾಳೆ. ಜಾಣೆ."

ನಾನು ಅವಳ ಕೈ ಹಿಡಿದೆ. ಕೈ ಸುಡುತ್ತಿತ್ತು.

ಥರ್ಮಾಮೀಟರ್ ತರಿಸಿ ಅವಳ ಕಂಕುಳಲ್ಲಿ ಇಟ್ಟು, ತೋಳನ್ನು ಬಿಗಿಯಾಗಿ ಹಿಡಿದು ಪಕ್ಕದಲ್ಲೇ ಕೂತೆ. ಹುಡುಗಿ ಮಿಸುಕಾಡಿದಳು. "ನಾನೇ ಎಡುತ್ತು ಕೊಡ್ತೀನಿ ಆಂಟಿ" ಎಂದಳು, ತಾನೇ ತೆಗೆದು ಕೊಡುತ್ತೇನೆ ಎಂದು. ನಾನು ಬಿಡಲಿಲ್ಲ. ತೆಗೆದು ನೋಡಿದರೆ ನೂರ ಎರಡು ದಾಟಿತ್ತು. ಆಗ ನನಗೆ ಅರ್ಥವಾಯಿತು. ಪಾದರಸ ಕೆಳಗಿಳಿಸಲು ನರ್ಸ್‌ಗಳು ಕಡ್ಡಿಯನ್ನು ಕೊಡವುವುದನ್ನು ಇವಳು ಐದು ವಾರ ನೋಡಿದ್ದಳು. ಅಮ್ಮನ ಕೈಗೆ ಕೊಡುವ ಮೊದಲು ಪ್ರತಿ ಸಲವೂ ಕೊಡವಿ ಇಳಿಸುತ್ತಿದ್ದಳು.

"ಎಷ್ಟು ದಿನದಿಂದ ಚಳಿ ಚಿನ್ನಾ?"

ಹರ್ಷಿಣಿ ಒಂದು ಬೆರಳು ತೋರಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಬೆರಳನ್ನೂ ಎತ್ತಿದಳು.

ಈ ಕಾಯಿಲೆಗೆ ಕೊಡುವ ಔಷಧ ಕೆಟ್ಟ ಕಣಗಳ ಜೊತೆಗೆ ರೋಗದ ವಿರುದ್ಧ ಹೋರಾಡುವ ಒಳ್ಳೆಯ ಕಣಗಳನ್ನೂ ಕೊಲ್ಲುತ್ತದೆ. ಆ ದಿನಗಳಲ್ಲಿ ಜ್ವರ ಬಂದರೆ ಅದು ನಮಗೆ ನಿಮಗೆ ಬರುವ ಜ್ವರದಂತಲ್ಲ. ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಕುತ್ತು ಬರಬಹುದು. ಇಲ್ಲಿ ಎರಡು ದಿನ ಆಗಿಹೋಗಿತ್ತು.

ನನ್ನ ಮೊಬೈಲಿನಿಂದಲೇ ಹೋಟೆಲಿಗೆ ಫೋನ್ ಮಾಡಿದೆ. ಭೋಜರಾಜರು ಹತ್ತು ನಿಮಿಷದಲ್ಲಿ ಓಡಿಬಂದರು. ಜೇಬಿನಲ್ಲಿ ಬಿಲ್ ಪುಸ್ತಕ ಹಾಗೆಯೇ ಇತ್ತು.

"ಈಗ ಹೊರಟ್ರೆ ಟ್ರಾಫಿಕ್ಕಲ್ಲಿ ಸಿಕ್ಕಿಬೀಳ್ತೇವೆ. ಒಂದು ಜ್ವರದ ಮಾತ್ರೆ ಕೊಟ್ಟು ನೋಡುವ. ಇಳಿಯದಿದ್ರೆ ನಾಳೆ ಬೆಳಿಗ್ಗೆ ಹೋಗುವ."

"ಮಾತ್ರೆ ಕೊಡಬೇಡಿ! ಜ್ವರ ಇಳಿದ ಹಾಗೆ ಕಾಣುತ್ತೆ, ಸೋಂಕು ಒಳಗೇ ಇರುತ್ತೆ. ನಾನು ಕೊಟ್ಟ ಹಾಳೇಲಿ ಬರ್ದಿದೆಯಲ್ಲ?"

"ಹಾಳೆಯಲ್ಲಿ ಜ್ವರದ ಮಾತೇ ಇಲ್ಲ ಸರಸಕ್ಕ" ಎಂದರು ತುಂಗಾ. ಮಾತ್ರೆ ಡಬ್ಬದ ಕೆಳಗಿನಿಂದ ಹಾಳೆಯನ್ನು ತಂದು ಕೊಟ್ಟರು. "ನೀರು ಕುದಿಸಿ ಕೊಡಿ, ಹಸಿ ತರಕಾರಿ ಬೇಡ, ಕೈ ತೊಳೀರಿ. ಅಷ್ಟೇ ಇರುದು. ಹರ್ಷಿಣಿಯೇ ಓದಿ ಹೇಳಿದ್ದು."

ನಾನು ಹಾಳೆ ಬಿಡಿಸಿದೆ. ಮೇಲುಗಡೆಯೇ ದಪ್ಪ ಅಕ್ಷರದಲ್ಲಿ ಇತ್ತು: ಕ್ಯಾನ್ಸರ್ ಇರುವ ಮಕ್ಕಳ ತಂದೆ ತಾಯಿಯರಿಗೆ. ಆರನೇ ಸಾಲಿಗೆ ಕೆಳಗೆ ಗೆರೆ ಎಳೆದಿತ್ತು. ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಓದಿದೆ. "ಜ್ವರ ನೂರು ಡಿಗ್ರಿ ದಾಟಿದರೆ, ಹಗಲಾಗಲಿ ರಾತ್ರಿಯಾಗಲಿ, ಕೂಡಲೇ ಆಸ್ಪತ್ರೆಗೆ ಬನ್ನಿ."

ಮೂವರೂ ಹರ್ಷಿಣಿಯ ಕಡೆ ನೋಡಿದೆವು. ಅವಳು ಎದ್ದು ಕಿಟಕಿಗೆ ಬೆನ್ನು ಒತ್ತಿ ನಿಂತು, ಎರಡೂ ಕೈ ಹಿಂದೆ ಮಾಡಿ ಕಂಬಿ ಹಿಡಿದಿದ್ದಳು.

"ಬಾ ಮಗಾ, ಹೋಗುವ" ಎಂದು ತುಂಗಾ ಕೈ ಚಾಚಿದರು.

"ವರಮಾಟೇನ್!" ಬರಲ್ಲ ಎಂದು ಕಿರುಚಿದಳು. ಅವಳ ದನಿ ಏರಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಬಿಡಿಸಲು ಹೋದರೆ ಕಂಬಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ನಾನು ಹತ್ತಿರ ಹೋಗಿ ಬಗ್ಗಿದೆ. ನನ್ನ ಕಿವಿಯಲ್ಲಿ ತಮಿಳಿನಲ್ಲಿ ಪಿಸುಗುಟ್ಟಿದಳು.

"ಅವಂಗಳುಕ್ಕು ತೆರಿಯಾದು ಆಂಟಿ. ಸೊಲ್ಲಾದೀಂಗ."

ಅವರಿಗೆ ಗೊತ್ತಿಲ್ಲ ಆಂಟಿ, ಹೇಳಬೇಡಿ ಎಂದು.

"ಯಾರಿಗೆ ಏನು ಗೊತ್ತಿಲ್ಲ ಕಂದಾ?"

"ಅಪ್ಪಂಗೆ, ಅಮ್ಮಂಗೆ. ನಂಗೆ ಕ್ಯಾನ್ಸರ್ ಅಂತ."

ಆಮೇಲೆ ದನಿ ತಗ್ಗಿಸುವುದನ್ನೂ ಮರೆತಳು, ಎಲ್ಲ ಹೊರಗೆ ಬಂತು, ಒಂದು ಮಾತು ಕನ್ನಡ, ಒಂದು ಮಾತು ತಮಿಳು. ಮೊದಲ ದಿನ ಆಸ್ಪತ್ರೆಯ ಬಾಗಿಲಲ್ಲಿ ಅಪ್ಪ ಎಂದಿನಂತೆ "ಈ ಬೋರ್ಡಲ್ಲಿ ಎಂತ ಬರ್ದಿದೆ ಮಗಾ?" ಎಂದು ಕೇಳಿದ್ದರಂತೆ. ಇವಳು ಓದಿದಳು, ಕ್ಯಾನ್ಸರ್ ಎಂದಿತ್ತು. ಕ್ಲಾಸಿನ ಹುಡುಗಿಯ ಅಜ್ಜಿ ಅದೇ ಕಾಯಿಲೆಯಿಂದ ತೀರಿಕೊಂಡಿದ್ದರು, ಹಾಗಾಗಿ ಆ ಮಾತಿನ ಅರ್ಥ ಗೊತ್ತಿತ್ತು. "ರಕ್ತ ಪರೀಕ್ಷೆ ಅಂತ ಬರ್ದಿದೆ" ಎಂದು ಅಪ್ಪನಿಗೆ ಸುಳ್ಳು ಹೇಳಿದಳು. ಆಮೇಲೆ ಅಪ್ಪ ಒಳಗಿನಿಂದ ಬಂದು ರಕ್ತ ಕಮ್ಮಿ, ಬೀಟ್‌ರೂಟ್ ಎಂದಾಗ ಅವಳಿಗೆ ಖಾತ್ರಿಯಾಯಿತು. ಪಾಪ, ಅಪ್ಪನಿಗೆ ಓದಲು ಬರುವುದಿಲ್ಲ, ಡಾಕ್ಟರು ಇವರಿಗೆ ಏನೂ ಹೇಳಿಲ್ಲ. ಗೊತ್ತಾದರೆ ಅಮ್ಮ ಅತ್ತು ಅತ್ತು ಸತ್ತೇ ಹೋಗುತ್ತಾಳೆ. ಅಂದಿನಿಂದ ಒಂದೂವರೆ ತಿಂಗಳು, ಮೈಮೇಲಿನ ಇಷ್ಟು ದೊಡ್ಡ ಕಾಯಿಲೆಯನ್ನು ಒಬ್ಬಳೇ ಇಟ್ಟುಕೊಂಡು, ಅಪ್ಪ ಅಮ್ಮನಿಗೆ ತಿಳಿಯದಂತೆ ಕಾವಲು ಕಾದಿದ್ದಳು. ಹಾಳೆಯಲ್ಲಿ ಯಾವ ಸಾಲು ಓದಿದರೆ ಗುಟ್ಟು ಬಯಲಾಗುತ್ತದೋ ಆ ಸಾಲುಗಳನ್ನು ಬಿಟ್ಟಿದ್ದಳು. ಜ್ವರವೆಂದು ಆಸ್ಪತ್ರೆಗೆ ಹೋದರೆ ಡಾಕ್ಟರು ಅಪ್ಪ ಅಮ್ಮನಿಗೆ ಹೇಳಿಬಿಡುತ್ತಾರೆಂದು ಹೆದರಿ ಜ್ವರವನ್ನೂ ಮುಚ್ಚಿಟ್ಟಿದ್ದಳು.

ಭೋಜರಾಜರಿಗೆ ತಮಿಳು ಕಿವಿಯಲ್ಲಿ ಕೇಳಿದರೆ ಅರ್ಥವಾಗುತ್ತದಲ್ಲ. ಬಾಗಿಲ ಹತ್ತಿರ ನಿಂತಿದ್ದವರು ಹಾಗೇ ಕುಸಿದು ನೆಲದ ಮೇಲೆ ಕೂತುಬಿಟ್ಟರು. ನನಗೆ ಅವರ ಮೇಲೆ ಕನಿಕರವೂ ಬಂತು, ಸಿಟ್ಟೂ ಬಂತು. ಗಡಿಯಾರ ನೋಡಿದೆ. ನಾಲ್ಕೂ ಕಾಲು.

"ಭೋಜಣ್ಣ, ಅಳೋದು ಆಮೇಲೆ ಇದ್ದೇ ಇದೆ. ಈಗ ಹೇಳಿ."

"ಎಂತ ಹೇಳುದು?"

"ನಿಜ ಹೇಳಿ. ನೀವು ಹೇಳದೆ ಅವಳು ಆ ಕಂಬಿ ಬಿಡಲ್ಲ."

ಭೋಜರಾಜರು ಮಂಡಿಯಲ್ಲೇ ತೆವಳಿ ಮಗಳ ಮುಂದೆ ಬಂದರು. "ಮಗಾ, ನಮಗೆ ಗೊತ್ತುಂಟು. ಮೊದಲ ದಿವಸದಿಂದ ಗೊತ್ತುಂಟು. ನಿನಗೆ ಗೊತ್ತಾಗಬಾರ್ದು ಅಂತ ನಾನೇ ಸುಳ್ಳು ಹೇಳಿದ್ದು."

ಹರ್ಷಿಣಿ ಅಪ್ಪನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ತುಂಗಾ ಹೌದೆಂದು ತಲೆಯಾಡಿಸಿದರು. ಹುಡುಗಿ ಕಂಬಿ ಬಿಟ್ಟಳು.

ಆಟೋ ಮಂದವೆಳಿಯ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿತು. ಮುಂದೆ ಬಸ್ಸು, ಹಿಂದೆ ಬಸ್ಸು. ಅಪ್ಪನ ತೊಡೆಯ ಮೇಲೆ ಒರಗಿದ್ದ ಹರ್ಷಿಣಿ ಆ ಸುಡುವ ಮೈಯಲ್ಲೇ ಒಂದೊಂದಾಗಿ ಕೇಳಲು ಶುರು ಮಾಡಿದಳು. ಒಂದೂವರೆ ತಿಂಗಳಿನಿಂದ ಕೂಡಿಟ್ಟಿದ್ದ ಪ್ರಶ್ನೆಗಳು.

"ಸ್ಕೂಲ್ ಗೇಟ್ ಹತ್ರ ಐಸ್ ತಿಂದೆ. ಅದಕ್ಕೇ ಬಂತಾ?"

"ಇಲ್ಲ ಮಗಾ." ಭೋಜರಾಜರು ನನ್ನ ಮುಖ ನೋಡಿದರು. ನಾನೂ ಇಲ್ಲವೆಂದೆ. ಯಾರೂ ಏನೂ ತಪ್ಪು ಮಾಡಿದ್ದಕ್ಕೆ ಈ ಕಾಯಿಲೆ ಬರುವುದಿಲ್ಲ.

"ನನ್ನ ಪಕ್ಕ ಮಲಗಿದ್ರೆ ಅಮ್ಮಂಗೂ ಬರುತ್ತಾ?"

"ಬರುದಿಲ್ಲ. ಇದು ಅಂಟುದಿಲ್ಲ" ಎಂದು ತುಂಗಾ ಅವಳ ಕಾಲುಗಳನ್ನು ಮಡಿಲಿಗೆ ಎಳೆದುಕೊಂಡರು. ಇಷ್ಟು ದಿನ ಮಗಳು ಗೋಡೆಯ ಕಡೆಗೆ ತಿರುಗಿ ಯಾಕೆ ಮಲಗುತ್ತಿದ್ದಳು ಎಂಬುದು ಅವರಿಗೆ ಆಗ ತಿಳಿಯಿತು.

ಆಸ್ಪತ್ರೆ ಮುಟ್ಟುವಾಗ ಐದು ದಾಟಿತ್ತು. ರಕ್ತ ತೆಗೆದರು, ಡ್ರಿಪ್ ಹಾಕಿದರು, ಔಷಧ ಶುರುವಾಯಿತು. ಒಳ್ಳೆಯ ಕಣಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂದರು ಡಾಕ್ಟರು. "ಇನ್ನೆರಡು ದಿನ ಏನೂ ಹೇಳೋಕಾಗಲ್ಲ. ಇವತ್ತೇ ತಂದದ್ದು ಒಳ್ಳೇದಾಯ್ತು. ನಾಳೆ ತಂದಿದ್ದರೆ ನಾನು ಏನೂ ಮಾಡೋ ಹಾಗಿರಲಿಲ್ಲ." ಅದನ್ನು ನಾನು ತುಂಗಾಗೆ ಕನ್ನಡದಲ್ಲಿ ಹೇಳಿದೆ.

ಶನಿವಾರ ಜ್ವರ ನೂರ ನಾಲ್ಕಕ್ಕೆ ಏರಿತು. ಬಿಪಿ ಇಳಿಯಿತು. ನರ್ಸ್ ಹತ್ತು ನಿಮಿಷಕ್ಕೊಮ್ಮೆ ಬಂದು ನೋಡಿ ಹೋಗುತ್ತಿದ್ದಳು. ಸಂಜೆ ಹೊತ್ತಿಗೆ ಹರ್ಷಿಣಿ ಕಣ್ಣು ಬಿಟ್ಟಳು. ಮಂಚದ ಆ ಕಡೆ ತುಂಗಾ, ಈ ಕಡೆ ಭೋಜರಾಜರು, ಕಾಲ ಬಳಿ ನಾನು.

"ಅಪ್ಪ, ನಾನು ಸಾಯ್ತೀನಾ?"

ಭೋಜರಾಜರು ತಟ್ಟನೆ ಎದ್ದರು. ನೀರು ತರುತ್ತೇನೆ ಎಂದೋ ಏನೋ ಗೊಣಗಿದರು. ಕಾಲು ಬಾಗಿಲ ಕಡೆ ಹೊರಟಿತ್ತು. ಯಾವಾಗಲೂ ಮೆಲ್ಲಗೆ ಮಾತಾಡುವ ತುಂಗಾ ಅವರ ಅಂಗಿಯ ತುದಿ ಹಿಡಿದು ಎಳೆದರು.

"ಕೂತ್ಕೊಳ್ಳಿ. ಅವಳು ಕೇಳಿದ್ದು ನಿಮ್ಮನ್ನು."

ಅವರು ಕೂತರು. ಮಗಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನಾನು ಬಾಯಿ ಹಾಕಬೇಕೆಂದುಕೊಂಡೆ, ಹಾಕಲಿಲ್ಲ.

"ಗೊತ್ತಿಲ್ಲ ಮಗಾ" ಎಂದರು ಕೊನೆಗೆ. "ಈ ಜ್ವರ ಜೋರುಂಟು. ಅದಕ್ಕೆ ಜೋರಾದ ಮದ್ದೇ ಕೊಡ್ತಾ ಇದ್ದಾರೆ. ಗುಣ ಆಗ್ತದೆ ಅಂತ ನಾನು, ಅಮ್ಮ, ಡಾಕ್ಟರು ಎಲ್ಲ ನಂಬಿದ್ದೇವೆ. ಎಂತ ಆದ್ರೂ ನಿನ್ನನ್ನು ಒಬ್ಬಳೇ ಬಿಡುದಿಲ್ಲ. ನಾವಿಬ್ಬರೂ ಇಲ್ಲೇ ಇರ್ತೇವೆ. ಇನ್ನು ಸುಳ್ಳು ಹೇಳುದಿಲ್ಲ."

ಹರ್ಷಿಣಿ ಅಪ್ಪನ ಕಡೆ ತಿರುಗಿದಳು.

"ಹಾಗಾದ್ರೆ ಇನ್ಮೇಲೆ ನಾನು ಅಳಬಹುದಾ?"

ನನ್ನ ಓದುಗರೇ, ಆ ಮಾತು ಕೇಳಿ ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಹೊರಗೆ ಹೋಗಿ ಗೋಡೆಗೆ ಒರಗಿದೆ. ಒಳಗಿನಿಂದ ಹುಡುಗಿಯ ಅಳು ಕೇಳಿಸಿತು, ಸಣ್ಣ ಮಕ್ಕಳು ಬಿದ್ದು ಪೆಟ್ಟಾದಾಗ ಅಳುತ್ತಾರಲ್ಲ, ಹಾಗೆ ಬಾಯಿ ಬಿಟ್ಟು. ಅಪ್ಪ ಅಮ್ಮನೂ ಅವಳ ಜೊತೆ ಅತ್ತರು. ಅತ್ತು ಸುಸ್ತಾಗಿ ಅವಳು ಅಮ್ಮನ ಕಡೆಗೆ ತಿರುಗಿ ಮಲಗಿದಳು.

ಭಾನುವಾರವೂ ಜ್ವರ ಬಿಡಲಿಲ್ಲ. ಸೋಮವಾರ ಮಧ್ಯಾಹ್ನ ಮೈ ಬೆವರಿತು. ಮಂಗಳವಾರ ಇಡ್ಲಿ ಕೇಳಿದಳು. ಚಿಕಿತ್ಸೆ ಮುಗಿದಿಲ್ಲ, ಇನ್ನೂ ಬಹಳ ದಿನ ಇದೆ. ಆದರೆ ಈಗ ಮೈ ಬಿಸಿಯಾದರೆ ಮೊದಲು ಹೇಳುವವಳು ಅವಳೇ. ಸೂಜಿ ಚುಚ್ಚಿದರೆ ಅಳುತ್ತಾಳೆ, ಔಷಧ ಕಹಿ ಎಂದು ಜಗಳವಾಡುತ್ತಾಳೆ. ವಾರ್ಡಿನಲ್ಲಿ ಅವಳನ್ನು ಈಗ ಯಾರೂ ಒಳ್ಳೆಯ ಮಗು ಎಂದು ಹೊಗಳುವುದಿಲ್ಲ. ನನಗೆ ಅದೇ ಸಂತೋಷ. ಭೋಜರಾಜರು ಮೊನ್ನೆ ವಾರ್ಡಿಗೆ ಹೊಸದಾಗಿ ಬಂದ ಒಬ್ಬ ತಂದೆಯ ಪಕ್ಕ ಕೂತು, "ನಾನು ಮಾಡಿದ ಹಾಗೆ ಮಾಡ್ಬೇಡಿ ಮಾರಾಯ್ರೆ. ಹೋಗಿ ಮಗುವಿಗೆ ಹೇಳಿ, ನಾನೂ ಬರ್ತೇನೆ ಜೊತೆಗೆ" ಎನ್ನುತ್ತಿದ್ದರು.

ಇದನ್ನು ಓದುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮನೆಯ ಮಗುವಿಗೆ ದೊಡ್ಡ ಕಾಯಿಲೆ ಬಂದರೆ ಅದಕ್ಕೆ ಕಾಯಿಲೆಯ ಹೆಸರು ಹೇಳಿ. ನೀನು ಏನೋ ಮಾಡಿದ್ದಕ್ಕೆ ಬಂದದ್ದಲ್ಲ ಎಂದು ಹೇಳಿ, ಅದು ಕೇಳದಿದ್ದರೂ ಹೇಳಿ. ನಾಳೆ ಏನು ಮಾಡುತ್ತಾರೆ, ನೋಯುತ್ತದೋ ಇಲ್ಲವೋ, ಅದನ್ನು ಮುಂಚೆಯೇ ತಿಳಿಸಿ. ನೋಯುವುದಿದ್ದರೆ ನೋಯುತ್ತದೆ ಎನ್ನಿ. ಎಲ್ಲವನ್ನೂ ಒಂದೇ ದಿನ ಹೇಳಬೇಕಿಲ್ಲ, ಮಗು ಕೇಳಿದಷ್ಟಕ್ಕೆ ಉತ್ತರ ಕೊಟ್ಟರೆ ಸಾಕು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಮನೆಯಲ್ಲಿ ಬೇರೆ ಮಕ್ಕಳಿದ್ದರೆ ಅವರಿಗೂ ತಿಳಿಸಿ, ಅವರೂ ಒಳಗೊಳಗೇ ಏನೇನೋ ಎಣಿಸುತ್ತಿರುತ್ತಾರೆ. ಆಸ್ಪತ್ರೆಯವರು ಕೊಟ್ಟ ಕಾಗದ ಓದಲು ಬಾರದಿದ್ದರೆ ನಾಚಿಕೆಪಡಬೇಡಿ, ಅಲ್ಲೇ ದೊಡ್ಡವರೊಬ್ಬರಿಂದ ಓದಿಸಿಕೊಳ್ಳಿ. ಚಿಕಿತ್ಸೆಯಲ್ಲಿರುವ ಮಗುವಿಗೆ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ.

ಹೇಗೆ ಹೇಳುವುದು ಎಂದು ತಿಳಿಯದಿದ್ದರೆ ನಿಮ್ಮ ವಾರ್ಡಿನ ನರ್ಸ್ ಅವರನ್ನೋ, ನನ್ನಂಥವರನ್ನೋ ಜೊತೆಗೆ ಕರೆಯಿರಿ, ನಾವು ಬರುತ್ತೇವೆ. ಆದರೆ ಮಾತು ನಿಮ್ಮ ಬಾಯಿಂದಲೇ ಬರಲಿ. ಇವತ್ತು ಸಂಜೆ ಮಗುವಿನ ಪಕ್ಕ ಕೂತು, "ನಿನಗೆ ಏನಾದ್ರೂ ಕೇಳ್ಬೇಕಾ?" ಎಂದು ಒಂದು ಸಲ ಕೇಳಿ. ಕೇಳಿದ ಮೇಲೆ ಎದ್ದು ಹೋಗಬೇಡಿ.